ಹುಣ್ಣಿವಿ ಮುಗಿದ ಮೇಲಿನ ಸಮುದ್ರ

"ಹುಣ್ಣಿವಿ ಇನ್ನೆಷ್ಟೊತ್ತು ಅದನೋ?"

ಯಾರನ್ನೂ ಕೇಳಿದ್ದಲ್ಲ. ಬಾಯಿಗೆ ಬಂತು, ಅಂದೆ. ಅರಬೈಲ್ ಘಟ್ಟದಲ್ಲಿ ಲಾರಿಯೊಂದು ಅಡ್ಡ ನಿಂತು, ನಮ್ಮ ಬಸ್ಸು ಅದರ ಹಿಂದೆ ಎರಡು ತಾಸಿನಿಂದ ನಿಂತಿತ್ತು. ಪಕ್ಕದವರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಉತ್ತರ ನನಗೇ ಗೊತ್ತಿತ್ತು. ಪಂಚಾಂಗ ನೋಡಿ ಬರೆದುಕೊಂಡ ಚೀಟಿ ಕಿಸೆಯಲ್ಲಿತ್ತು: ಹನ್ನೊಂದೂ ಕಾಲರ ತನಕ. ಬೆಳಿಗ್ಗೆ ಐದಕ್ಕೆ ಹುಬ್ಬಳ್ಳಿ ಬಿಟ್ಟವನು ಹತ್ತರೊಳಗೆ ಕಾರವಾರದಲ್ಲಿರಬೇಕಿತ್ತು.

ಕಾಲ ಬುಡದ ಚೀಲದಲ್ಲಿ ತಿರುಪಿನ ಮುಚ್ಚಳದ ಹಿತ್ತಾಳೆ ತಂಬಿಗೆ. ಅಜ್ಜಿ ಕಾಶಿಗೆ ಒಯ್ದಿದ್ದು. ಆ ವರ್ಷವೇ ಹುಟ್ಟಿದ್ದಕ್ಕೆ ಅಕ್ಕನಿಗೆ ಕಾಶೀಬಾಯಿ ಎಂದು ಹೆಸರು. ಅಕ್ಕನಿಗೆ ಶುಗರ್ ಹೆಚ್ಚಾಗಿ ಎಡಗಾಲಿನ ಪಾದ ಕಪ್ಪಿಟ್ಟಿದೆ. ಶುಕ್ರವಾರ ಅದನ್ನು ತೆಗೆಯುತ್ತಾರೆ. ಇವತ್ತು ಬುಧವಾರ.

"ಎರಡೂ ಪಾದ ಇದ್ದಾಗ ಒಮ್ಮೆ ಸಮುದ್ರ ತಾಗಲೋ ಯಗ್ಯಾ," ಅಂದಿದ್ದಳು. "ಒಂದು ತಂಬಗಿ ತೊಗೊಂಡು ಬಾ. ಬೆರಳಿಗೆ ಒಂದೀಟು ಹನಿಸಿದರ ಸಾಕು. ಅರವತ್ತೇಳು ವರ್ಷ ಧಾರವಾಡದ ಏರು-ಇಳವು ಹತ್ತಿ ಇಳದ ಪಾದ ಅದು. ತವರಮನಿಯಿಂದ ಬರೀಗೈಲೆ ಕಳಸ್ತಾರೇನು?"

ನಾನು ಹೂಂ ಅಂದೆ. ನನ್ನ ಕೆಲಸವೇ ಅದು.

ಅಪ್ಪ ಸಾಲಿ ಮಾಸ್ತರರು. ಮಾಳಮಡ್ಡಿಯ ಮನೆಯ ಪಡಸಾಲೆಯಲ್ಲಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಷಟ್ಪದಿ ಓದುತ್ತಿದ್ದರು. ಓದುವವನ ಮುಂದೆ ಹೂಂಗುಟ್ಟುವವನೊಬ್ಬ ಕೂಡಬೇಕು, ಇಲ್ಲದಿದ್ದರೆ ಪದ್ಯ ಗೋಡೆಗೆ ಹೋಗುತ್ತದೆ ಎಂದು ಅವರ ನಂಬಿಕೆ. ಅಕ್ಕನನ್ನು ಕೂಡಿಸಿದರೆ ಪ್ರಶ್ನೆ ಕೇಳುತ್ತಿದ್ದಳು. ಹಾಗಾಗಿ ಅದು ನನ್ನ ಪಾಲಿಗೆ ಬಂತು. ತಿಳಿಯಲಿ ಬಿಡಲಿ, ಪದ್ಯ ಮುಗಿದ ಕೂಡಲೇ "ಹೂಂ". ಮುಂದೆ ಆಫೀಸಿನಲ್ಲಿ ಸಾಹೇಬರಿಗೂ ಅದನ್ನೇ ಅನ್ನುತ್ತ ಅನ್ನುತ್ತ ನಿವೃತ್ತನಾದೆ.

ಪದ್ಯದಲ್ಲಿ ಕಡಲು ಬಂದಾಗ ಅಪ್ಪನ ದನಿ ತಾನಾಗಿ ತಗ್ಗುತ್ತಿತ್ತು. ಒಂದು ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಇದೇ ಘಟ್ಟ ಇಳಿದರು. ನನಗಾಗ ಆರು, ಅಕ್ಕನಿಗೆ ಹನ್ನೊಂದು. ಉಸುಕಿನ ದಂಡೆಯಲ್ಲಿ ನಿಲ್ಲಿಸಿ, "ಕಣ್ಣು ತುಂಬ ನೋಡ್ರಿ. ಮುಟ್ಟಬ್ಯಾಡ್ರಿ. ಹುಣ್ಣಿವಿ, ಅಮಾಸಿ ಬಿಟ್ಟರ ಸಮುದ್ರ ಮುಟ್ಟಬಾರದು," ಅಂದರು. ತೆರೆ ನಮ್ಮ ಕಡೆ ಓಡಿ ಬರುತ್ತಿತ್ತು, ನಾವು ಕಿರುಚುತ್ತ ಹಿಂದೆ ಓಡುತ್ತಿದ್ದೆವು. ಅಪ್ಪ ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ. ಹೊರಡುವಾಗ, "ಮುಂದ ಒಂದು ಹುಣ್ಣಿವಿಗೆ ಬರೋಣಂತ," ಎಂದರು. ನಾನು ಹೂಂ ಅಂದೆ. ಅಕ್ಕ ತಿರುಗಿ ತಿರುಗಿ ನೀರನ್ನೇ ನೋಡುತ್ತಿದ್ದಳು. ಮರುವರ್ಷ ಅಪ್ಪ ಹೋದರು.

ಬಸ್ಸು ಕಾರವಾರ ಮುಟ್ಟಿದಾಗ ಹನ್ನೆರಡೂ ಹತ್ತು.

ಆಟೋದವನು ನನ್ನ ಮಾತು ಕೇಳಿದ ಕೂಡಲೇ ಹಿಂದೆ ತಿರುಗಿದ. "ಧಾರವಾಡದವರೇನ್ರಿ ಸರ? ಪೇಢಾ ತಂದೀರಿಲ್ಲೊ?"

"ತಂಬಗಿ ತಂದೇನಿ."

"ಖಾಲಿ?"

"ಸದ್ಯಕ್ಕ ಖಾಲಿ."

ಅವನ ಹೆಸರು ಅಬ್ದುಲಮಜೀದ. ಉಣಕಲ್ಲಿನವನು. ಹೆಂಡತಿಯ ಊರಿಗೆ ಬಂದು ಮೂವತ್ತು ವರ್ಷ ಆಯಿತಂತೆ. "ಕೆರಿ ತುಂಬೈತೇನ್ರಿ ನಮ್ದು?" ಅಂತ ಕೇಳಿದ. ತುಂಬಿದೆ ಅಂದೆ. "ಇಲ್ಲಿ ಕಣ್ಣ ಮುಂದ ಇಷ್ಟ ನೀರ ಐತಿ. ಆದ್ರ ಕನಸಿನ್ಯಾಗ ಬರೂದು ಉಣಕಲ್ ಕೆರೀನ. ಈಸಾಕ ಕಲತದ್ದು ಅದರಾಗ ನೋಡ್ರಿ."

ದಂಡೆಯ ಮೇಲೆ ಇಟ್ಟ ಹಳೆಯ ಯುದ್ಧದ ಹಡಗು ತೋರಿಸಿದ. ಒಳಗೆ ಇಳಿದು ನೋಡಿದೆ; ನಾವಿಕರು ಮಲಗುವ ಹಲಗೆ ನಮ್ಮ ಮನೆಯ ದೇವರ ಮಾಡಕ್ಕಿಂತ ಕಿರಿದು. ಕಾಳಿ ನದಿ ಕಡಲು ಸೇರುವಲ್ಲಿ ಒಯ್ದು ನಿಲ್ಲಿಸಿದ. ಬಿಸಿಲು ನೀರಿನ ಮೇಲೆ ಪುಡಿಪುಡಿಯಾಗಿ ಬಿದ್ದಿತ್ತು. ದೂರ ನಡುಗಡ್ಡೆಯ ಮೇಲೆ ದೀಪಸ್ತಂಭ. ಅನ್ನ, ಕೋಕಂ ಹುಳಿಯ ಸೊಲ್ಕಢಿ ಊಟ ಮಾಡಿದೆ. ಖಾನಾವಳಿಯ ಬಾಯಿ "ಒಬ್ಬರೇ ಬಂದ್ರಾ?" ಎಂದು ಎರಡು ಸಲ ಕೇಳಿದಳು. ಆಗ ಮೂವರು ಬಂದಿದ್ದೆವು ಅನ್ನಲು ಹೋಗಿ, ಇನ್ನೊಂದಿಷ್ಟು ಅನ್ನ ಕೇಳಿದೆ.

ನಾಲ್ಕಕ್ಕೆ ಉಸುಕಿನ ಮೇಲೆ ಬಂದು ಕೂತೆ. ಹಿಂದೆ ನಿಂತ ಜಾಗ ಇದೇ ಇರಬೇಕು ಎಂದುಕೊಂಡೆ. ಗಾಳಿಮರಗಳು ಆಗ ಇದ್ದವೋ ಇಲ್ಲವೋ ನೆನಪಿಲ್ಲ. ತೆರೆಯ ಸದ್ದು ಮಾತ್ರ ಅದೇ. ಎತ್ತಿ, ನಿಲ್ಲಿಸಿ, ಇಳಿಸುವ ಸದ್ದು. ಅಪ್ಪನೂ ಪದ್ಯದ ಕೊನೆಯ ಸಾಲನ್ನು ಹಾಗೇ ಇಳಿಸುತ್ತಿದ್ದರು, ಇಳಿಸಿ ನನ್ನ ಕಡೆ ನೋಡುತ್ತಿದ್ದರು. ಗೊತ್ತಿಲ್ಲದೆ ನಾಲ್ಕಾರು ಸಲ ಹೂಂ ಅಂದಿದ್ದೆ.

"ಯಾರಿಗ್ರಿ ಹೂಂ ಅನ್ನಾಕತ್ತೀರಿ?" ಅಬ್ದುಲಮಜೀದ ಬಂದು ಪಕ್ಕದಲ್ಲಿ ಕೂತ. "ಐದೂವರಿಗೆ ಬಸ್ಸೈತಿ. ಮಧ್ಯಾನದಿಂದ ನೋಡೇ ನೋಡಾಕತ್ತೀರಿ, ಒಮ್ಮೆನೂ ಕಾಲ ತೊಯ್ಸಿಲ್ಲ. ಸಮುದ್ರರಾಜ ಏನರ ಬೈದಾನೇನ್ರಿ?"

ಹೇಳಿದೆ. ಅಕ್ಕನ ಕಾಲು, ಶುಕ್ರವಾರ, ಹನ್ನೊಂದೂ ಕಾಲು, ಎಲ್ಲ. ಅವನು ಗಡ್ಡ ಕೆರೆದುಕೊಂಡ.

"ತರ್ರಿ ತಂಬಗಿ. ನಾ ತುಂಬತೇನಿ. ನನಗೇನ ಹುಣ್ಣಿವಿ ಹಂಗಿಲ್ಲ."

"ಬ್ಯಾಡ್ರಿ. ನನ್ನ ತಪ್ಪು ನಿಮ್ಮ ಕೈಲೆ ಮಾಡಸಲ್ಯಾ?"

"ಅದೂ ಖರೇನ," ಅಂದ. ಮುಖ ಹಗುರಾಯಿತು. "ಮತ್ತ ಹ್ಯಾಂಗ?"

ಸುಳ್ಳು ಹೇಳಬಹುದಿತ್ತು. ಹತ್ತಕ್ಕೇ ಮುಟ್ಟಿದೆ ಅಂದರೆ ಅಕ್ಕ ನಂಬುತ್ತಿದ್ದಳು. ಆದರೆ ಅವಳಿಗೆ ನಾನು ಈವರೆಗೆ ಸುಳ್ಳು ಹೇಳಿದವನಲ್ಲ. ಫೋನು ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದಳು.

"ಸಿಕ್ಕಿತೇನೋ ಸಮುದ್ರ? ಸಪ್ಪಳ ಕೇಳಸ್ಲಿಕತ್ತದ!"

"ಅಕ್ಕಾ, ಬಸ್ಸು ತಡಾ ಆತು. ತಿಥಿ ಮುಗದದ."

ಅವಳ ದನಿ ಬಂತು, ಸಣ್ಣದಾಗಿ, ಹನ್ನೊಂದು ವರ್ಷದವಳ ಹಾಗೆ.

"ಫೋನು ನೀರಿನ ಕಡೆ ಹಿಡಿ ಒಂಚೂರು."

ಹಿಡಿದೆ. ಮೂರು ತೆರೆ ಬಂದು ಹೋದವು.

"ಕಣ್ಣಿಗಿಂತ ಕಿವಿಗೇ ಛಲೋ ಅನಸ್ತದ," ಅಂದಳು. "ಸಾಕು. ಅಪ್ಪ ಹಾಕಿದ ಗೆರಿ ದಾಟೂದು ಬ್ಯಾಡ. ನೀ ಕಾಲ ತೊಯ್ಸಬ್ಯಾಡ, ಖಾಲಿ ತಂಬಗಿ ತೊಗೊಂಡು ಹೊಳ್ಳಿ ಬಾ. ಮುಂದ ಯಾವದರೆ ಹುಣ್ಣಿವಿಗೆ ನೋಡೋಣಂತ."

ಅದೇ ಮಾತು. ಅಪ್ಪನ ಬಾಯಿಂದ ಇದೇ ಉಸುಕಿನ ಮೇಲೆ ಬಂದ ಮಾತು.

ನಾನು ಎದ್ದು ನಿಂತಿದ್ದೆ. ಚಪ್ಪಲಿ ಬಿಟ್ಟಿದ್ದೆ. ತಂಬಿಗೆಯ ತಿರುಪು ಬಿಚ್ಚಿ ಮುಚ್ಚಳವನ್ನು ಅಬ್ದುಲಮಜೀದನ ಕೈಗೆ ಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಂದಿನ ತೆರೆ ಬಿಟ್ಟು ಹೋದ ಒದ್ದೆ ಗೆರೆ ನನ್ನ ಹೆಬ್ಬೆರಳಿಂದ ಗೇಣುದ್ದ ದೂರದಲ್ಲಿತ್ತು.

"ಯಗ್ಯಾ? ಕೇಳಿದಿಲ್ಲೊ? ಬಸ್ ಹತ್ತಿ ಬಂದು ಬಿಡು. ಹೂಂ ಅನ್ನು."

ತೆರೆ ಏಳುತ್ತಿತ್ತು.

"ಅನ್ನಂಗಿಲ್ಲಕ್ಕಾ," ಅಂದೆ. "ಖಾಲಿ ತಂಬಗಿ ನಾ ತರಂಗಿಲ್ಲ."