ಹಾಡು ನಿಂತ ಮೇಲಿನ ಕುಣಿತ

೧. ಎಲ್ಲಿಂದ ಶುರುಮಾಡಲಿ? ವೇದಿಕೆಯಿಂದ ಶುರುಮಾಡಿದರೆ ಮನರಂಜನೆ ಅಂದುಕೊಳ್ಳುತ್ತೀರಿ, ಶೌಚಾಲಯದಿಂದ ಶುರುಮಾಡಿದರೆ ಮೂಗು ಮುಚ್ಚಿಕೊಳ್ಳುತ್ತೀರಿ. (ಮುಚ್ಚಿಕೊಳ್ಳಿ. ಅಲ್ಲಿಂದಲೇ ಶುರು.)

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಕ್ಕ ಕಾಲರ್ ಹೊಲಿಯುತ್ತಾಳೆ, ಪಕ್ಕದ ಮಿಷನ್ನಿನಲ್ಲಿ ತಂಗಿ ತೋಳು ಕೂಡಿಸುತ್ತಾಳೆ. ಹೆಂಗಸರ ಶೌಚಾಲಯದ ಬೀಗದ ಕೈ ಮ್ಯಾನೇಜರನ ಸೊಂಟದಲ್ಲಿ. ಇವರು ಕೈ ಎತ್ತಬೇಕು, ಆತ ನೋಡಬೇಕು, ನೋಡಿದ ಮೇಲೂ ಮನಸ್ಸು ಬರಬೇಕು. ತಡೆದುಕೊಂಡು ತಡೆದುಕೊಂಡು ಸೋಂಕಾಗಿ ತಂಗಿ ಆಸ್ಪತ್ರೆ ಸೇರಿ ಬಂದಿದ್ದಳು.

೨. ಹೊರದೇಶದ ಖರೀದಿದಾರರು ಬರುವ ದಿನ ಹಿಂದಿ ಸಿನಿಮಾ ಡ್ಯಾನ್ಸ್ ಇರಲಿ ಎಂದವನು ಮ್ಯಾನೇಜರೇ. "ನಮ್ ಹೆಣ್ಮಕ್ಳು ಎಷ್ಟು ಖುಷಿಯಾಗಿದಾರೆ ಅಂತ ಅವ್ರಿಗೂ ಗೊತ್ತಾಗ್ಲಿ."

(ಹಾಡಿನ ಹೆಸರು ಬರೆದು ಗೀಟು ಎಳೆದಿದ್ದೇನೆ. ಸೊಂಟ ಬಳುಕಿಸುವ ಯಾವುದನ್ನಾದರೂ ನೀವೇ ಹಾಕಿಕೊಳ್ಳಿ.)

ಆ ದಿನ ವೇದಿಕೆಯ ಮೇಲೆ ಮೊದಲ ಚರಣ ಕಲಿತಂತೆಯೇ ಆಯಿತು. ಎರಡನೆಯದಕ್ಕೆ ಮುಂದಿದ್ದ ತಂಗಿ ಬಲಗೈ ಎತ್ತಿದಳು, ಇಳಿಸಲೇ ಇಲ್ಲ. ಅಯ್ಯೋ, ಸ್ಟೆಪ್ ಮರೆತಳಲ್ಲ ಎಂದುಕೊಂಡಳು ಹಿಂದಿನ ಸಾಲಿನ ಅಕ್ಕ. ತಂಗಿ ತೊಡೆ ಜೋಡಿಸಿ, ಮೊಣಕಾಲು ಬಿಗಿದು, ತಾಳ ತಪ್ಪದೆ ಸೊಂಟ ತಿರುಗಿಸಿದಳು, ತಡೆದುಕೊಳ್ಳಲಾಗದವಳ ಹಾಗೆ. ಮುಖದ ಮೇಲೆ ಮಾತ್ರ ನಾಯಕಿಯ ನಗು. ಎದುರು ಕೂತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಆಮೇಲೆ ಅರ್ಥವಾಯಿತು. ಒಬ್ಬೊಬ್ಬರೇ ಮ್ಯಾನೇಜರನ ಸೊಂಟದತ್ತ ನೋಡಿದರು.

ಮ್ಯಾನೇಜರ್ ಹಾಡು ನಿಲ್ಲಿಸಿದ. ತಂಗಿ ನಿಲ್ಲಲಿಲ್ಲ. ಹಲಗೆಯ ಮೇಲೆ ಅವಳ ಹೆಜ್ಜೆಯ ಸದ್ದೊಂದೇ.

"ಸಾಕು, ಇಳಿಯೇ," ಅಕ್ಕ ಪಿಸುಗುಟ್ಟಿದಳು. "ಕೆಲ್ಸ ಹೋಗತ್ತೆ."

"ನೀನೂ ಕೈ ಎತ್ತಕ್ಕ."

ಎತ್ತಿದ ಕೈ ತನ್ನದೇ ಎಂದು ಅಕ್ಕನಿಗೆ ಆಮೇಲೆ ತಿಳಿಯಿತು. ಕೆಳಗೂ ಕೈಗಳೆದ್ದವು. ಅತಿಥಿಯೊಬ್ಬಳು ದುಭಾಷಿಯನ್ನು ಕೇಳಿದಳು, "ಇದು ಯಾವ ಸಿನಿಮಾದ್ದು?" ಅವನು ಬೆವರಿದ.

೩. ಅಂತ್ಯ ಒಂದು: ಬೀಗ ತೆಗೆದರು. ಅಂತ್ಯ ಎರಡು: ತಂಗಿಯನ್ನು ಕೆಲಸದಿಂದ ತೆಗೆದರು. (ಆರಿಸಿಕೊಳ್ಳುವ ಕಷ್ಟ ನಿಮಗೆ ಬೇಡ. ಎರಡೂ ಆದವು, ಒಂದೇ ದಿನ.)

೩, ಮತ್ತೆ. ಹೆಂಗಸರೆಲ್ಲ ಮಿಷನ್ ಬಿಟ್ಟು ಅವಳ ಹಿಂದೆ ಹೊರನಡೆದರು ಎಂದು ಬರೆದೆ. ಅಕ್ಕ ಓದಿ ಕೆಂಡವಾದಳು.

"ಸುಳ್ಳು ಬರೀಬೇಡಿ. ಯಾರೂ ಏಳ್ಲಿಲ್ಲ. ನಾನೂ ಕಾಲರ್ ಹೊಲೀತಾ ಕೂತಿದ್ದೆ. ಮಧ್ಯಾಹ್ನ ಯಾರನ್ನೂ ಕೇಳ್ದೆ ಎದ್ದು ಶೌಚಾಲಯಕ್ಕೆ ಹೋದೆ. ಚಿಲಕ ಹಾಕ್ಕೊಂಡೆ."

"ಅತ್ತಿರಾ?"

"ಕುಣಿದೆ. ಅವ್ಳ ಸ್ಟೆಪ್ಪೇ."

ಬರೆದಿದ್ದಕ್ಕೆ ಗೀಟು ಎಳೆದು ಅವಳು ಹೇಳಿದ್ದನ್ನು ಬರೆದುಕೊಂಡೆ. ಕೊನೆಗೆ, ಇಲ್ಲಿಗೆ ಮುಗಿಸಲೇ ಎಂದು ಕೇಳಿದೆ.

"ಮುಗಿಸೋಕೆ, ಅವ್ಳಿಗೆ ಕೆಲ್ಸ ಸಿಕ್ತಾ?" ಎಂದು ಅಕ್ಕ ಎದ್ದು ಹೋದಳು.