ಮೊದಲ ಎಡೆಯ ಹೆಸರು

ನನ್ನ ಹೆಂಡತಿ ಆಷಾಢದಲ್ಲಿ ತೀರಿಕೊಂಡಳು. ಮಹಾಲಯ ಅಮಾವಾಸ್ಯೆಗೆ ಮೊದಲ ಸಲ ಅವಳಿಗೂ ಎಡೆ ಇಡಬೇಕಿತ್ತು. ನಮ್ಮ ಮನೆಯಲ್ಲಿ ತೀರಿಹೋದ ಹೆಂಗಸರನ್ನು ಹಿರಿಯ ಅತ್ತೆಯಿಂದ ಮೊದಲುಗೊಂಡು ಹೆಸರು ಹಿಡಿದು ಊಟಕ್ಕೆ ಕರೆಯುತ್ತೇವೆ. ಹೊಸಬರದು ಕೊನೆಯ ಎಲೆ. ಮೊದಲ ಎಲೆಗೆ ಮಾತ್ರ ‘ಕದಿರಪ್ಪನವರ ತಾಯಿ, ಬಾರಮ್ಮ’ ಎನ್ನುವುದು ರೂಢಿ. ಕದಿರಪ್ಪ ನನ್ನ ತಾತ. ಅವರ ತಾಯಿಯ ಹೆಸರು ಯಾರಿಗೂ ತಿಳಿಯದು.

ಐವತ್ತೊಂದು ವರ್ಷ ಆ ಎಲೆಗೆ ಬಡಿಸಿದವಳು ನನ್ನ ಹೆಂಡತಿ. ‘ಹಿಂಗ್ ಕರೆದ್ರೆ ಯಾರ್ ಬರ್ತಾರ್ರೀ ಊಟಕ್ಕೆ? ಹೋಗಿ ಹೆಸರು ತಿಳ್ಕೊಂಡ್ ಬನ್ನಿ’ ಎಂದು ಪ್ರತಿ ವರ್ಷ ಬೈಯುತ್ತಿದ್ದಳು. ನಾನು ನಕ್ಕುಬಿಡುತ್ತಿದ್ದೆ. ಅವಳನ್ನು ಆ ಸಾಲಿನಲ್ಲಿ ಕೂರಿಸುವ ಮೊದಲು ಹೆಸರು ಹುಡುಕಿಯೇ ತೀರಬೇಕೆಂದು ಈ ವರ್ಷ ನಿಶ್ಚಯಿಸಿದೆ.

ಯಲಹಂಕದ ತಾಲ್ಲೂಕು ಕಚೇರಿಗೆ ನಾಲ್ಕು ದಿನ ಹೋದೆ. ಹಳೆಯ ಜಮೀನು ದಾಖಲೆಗಳಲ್ಲೆಲ್ಲ ಗಂಡಸರೇ. ಕಡತ ತೆಗೆದುಕೊಟ್ಟ ಗುಮಾಸ್ತ ರಿಯಾಜ್, ‘ತಾತ, ಇದ್ರಲ್ಲಿ ಹೊಲ ಇದ್ದೋರ್ ಹೆಸರು ಸಿಗುತ್ತೆ. ರಾಗಿ ಬೀಸಿದೋರ್ದು ಸಿಗಲ್ಲ’ ಎಂದರು.

ಮಗಳು ಸರಳಾ, ‘ಸಾಕು ಬಿಡಪ್ಪಾ. ದೇವರಿಗೆ ಗೊತ್ತಿರಲ್ವಾ?’ ಎಂದಳು.

‘ದೇವರಿಗೆ ಗೊತ್ತಮ್ಮ. ಕರೆಯೋನು ನಾನಲ್ವಾ’ ಎಂದೆ.

ಸೋಲದೇವನಹಳ್ಳಿಯಲ್ಲಿ ನನ್ನ ಚಿಕ್ಕಮ್ಮ ಗೋಪಾಲಮ್ಮ ಇದ್ದಾರೆ. ತೊಂಬತ್ತಮೂರು ವರ್ಷ. ನನ್ನ ಅಜ್ಜಿಯನ್ನು, ಅಂದರೆ ಕದಿರಪ್ಪನವರ ಹೆಂಡತಿಯನ್ನು, ಚೆನ್ನಾಗಿ ಬಲ್ಲವರು. ಕೇಳಿದೆ.

‘ನಿಮ್ಮಜ್ಜಿ ಅತ್ತೆ ಎಸ್ರು ಬಾಯ್ಬಿಟ್ಟು ಏಳ್ತಾಳೇನೋ ಮಂಕೇ? ಸೊಸೆ ಕಣೋ ಅವಳು! ಮೊದಲ್ನೇ ಮಗಳಿಗೆ ಅದೇ ಎಸ್ರು ಇಕ್ಕಿದ್ರು. ಕೂಗಕ್ಕಾಗ್ದೆ ಚಿನ್ನಕ್ಕ ಚಿನ್ನಕ್ಕ ಅಂತಿದ್ಲು.’

ಚಿನ್ನಕ್ಕ ನನ್ನ ಸೋದರತ್ತೆ. ಮಕ್ಕಳಿಲ್ಲದೆ ತೀರಿಕೊಂಡು ನಲವತ್ತು ವರ್ಷವಾಯಿತು. ಅವರ ಹೆಸರು ಚಿನ್ನಕ್ಕ ಎಂದೇ ನಾನು ತಿಳಿದಿದ್ದೆ.

‘ನಿಜವಾದ ಹೆಸರೇನು ಚಿಕ್ಕಮ್ಮ?’

‘ನಂಗೇನ್ ಗೊತ್ತು? ನಾಕು ದಿನ ಸ್ಕೂಲಿಗೆ ಓಗಿದ್ಲು. ಆ ಮೇಷ್ಟ್ರಿಗೆ ಗೊತ್ತಿತ್ತೇನೋ, ಓಗಿ ಕೇಳು’ ಎಂದು ಬೊಚ್ಚುಬಾಯಲ್ಲಿ ನಕ್ಕರು.

ಮರುದಿನವೇ ಯಲಹಂಕದ ಹಳೆಯ ಶಾಲೆಗೆ ಹೋದೆ. ಹೆಡ್‌ಮಾಸ್ಟರ್ ನೂರುಲ್ಲಾ ಬೀರು ತೆರೆದು ದಾಖಲಾತಿ ಪುಸ್ತಕಗಳ ಧೂಳು ಕೊಡವಿದರು.

‘ಯಾವ ಇಸವಿ ಯಜಮಾನ್ರೇ?’

‘ಗೊತ್ತಿಲ್ಲ ಸ್ವಾಮಿ. ಮೊದಲ ಹಾಳೆಯಿಂದ ನೋಡ್ತೀನಿ.’

‘ಕಣ್ಣು ಹೋಗ್ತವೆ ಕಣ್ರೀ!’

‘ಅಮಾವಾಸ್ಯೆವರೆಗೆ ಇದ್ರೆ ಸಾಕು.’

ಮೂರು ಮಧ್ಯಾಹ್ನ ಕೂತೆ. ತಂದೆಯ ಹೆಸರಿನ ಕಾಲಮಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ ಬಂದೆ. 1924ರ ಹಾಳೆಯಲ್ಲಿ ಬೆರಳು ನಿಂತಿತು. ತಂದೆ: ಕದಿರಪ್ಪ, ಬೇಸಾಯ. ಶಾಲೆ ಬಿಟ್ಟ ಕಾರಣ: ತಮ್ಮನನ್ನು ಎತ್ತಿಕೊಳ್ಳುವುದಕ್ಕೆ. ಆ ತಮ್ಮ ನನ್ನ ತಂದೆ. ಹುಡುಗಿಯ ಹೆಸರು ಅಕ್ಕಯ್ಯಮ್ಮ.

ನೂರುಲ್ಲಾ ಅವರು ನನಗೆ ನೀರು ತರಿಸಿಕೊಟ್ಟರು.

ಅಮಾವಾಸ್ಯೆಯ ದಿನ ಮಿಂದು ಎಲೆಗಳ ಮುಂದೆ ಕುಳಿತೆ. ‘ಅಕ್ಕಯ್ಯಮ್ಮ, ಬಾರಮ್ಮ’ ಎಂದೆ. ಅಜ್ಜಿಯನ್ನು ಕರೆದೆ, ಅಮ್ಮನನ್ನು ಕರೆದೆ. ನಾಲ್ಕನೆಯ ಎಲೆಯ ಮುಂದೆ ನಾಲಗೆ ಏಳಲಿಲ್ಲ. ಅಷ್ಟು ವರ್ಷದಲ್ಲಿ ‘ಇವಳೇ’ ಎಂದು ಕೂಗಿದ್ದೇನೆಯೇ ಹೊರತು ಒಮ್ಮೆಯೂ ಅವಳ ಹೆಸರು ಹಿಡಿದು ಕರೆದವನಲ್ಲ.

‘ನಾನ್ ಹೇಳ್ಲಾ ಅಪ್ಪಾ?’ ಎಂದಳು ಸರಳಾ.

ಬೇಡವೆಂದು ಕೈಯಾಡಿಸಿದೆ.

‘ವರಲಕ್ಷ್ಮಮ್ಮ’ ಎಂದೆ. ‘ಬಾ. ಅತ್ತೇರೆಲ್ಲ ಆಗ್ಲೇ ಕೂತಿದಾರೆ.’