ಬಾಣಂತಿಯ ಸಂದೂಕ

ಸಂದೂಕದೊಳಗೆ ಸೋಮೊಯೆ ಕೈ ಹಾಕಿದ್ದೇ ತಡ, ಕಾದ ಎಣ್ಣೆಗೆ ನೀರು ಬಿದ್ದಂಥ ಸದ್ದು ಬಂತು. ಕೈ ಎಳೆದುಕೊಂಡು ನೋಡಿದರೆ ಹಿಂಗೈಯ ಮೇಲೆ ಮೂರು ಗೀರು.

"ಕಫನ್ ಸಿಕ್ತೇನೇ?" ಬಾಗಿಲಲ್ಲಿ ನಿಂತಿದ್ದ ಬೀ ಜೈತೂನಿ ಕೇಳಿದಳು.

"ಸಿಕ್ತು," ಎಂದಳು ಸೋಮೊಯೆ, ಗೀರನ್ನು ಚೀಪುತ್ತ. "ಅದರ ಮೇಲೆ ಬಾಣಂತಿ ಮಲಗಿದಾಳೆ."

ಬೂದು ಬಣ್ಣದ ಬೀ ಹರುಸಿ ಕಿವಿಗಳನ್ನು ತಲೆಗೆ ಅಂಟಿಸಿಕೊಂಡು ಮೇಲೆ ನೋಡುತ್ತಿದ್ದಳು. ಅವಳ ಹೊಟ್ಟೆಗೆ ಕಚ್ಚಿಕೊಂಡು ಇನ್ನೂ ಒದ್ದೆ ಆರದ ಮೂರು ಮರಿಗಳು. ಬೀ ಎಂಬುದು ಹೆಂಗಸರ ಹೆಸರಿನ ಮುಂದಿನ ಮರ್ಯಾದೆ, ಹರುಸಿ ಎಂದರೆ ಮದುವೆ. ಬೀ ಹರುಸಿ ಎಂದರೆ ಮದುವಣಗಿತ್ತಿ. ವರ್ಷಕ್ಕೆ ಎರಡು ಸಲ ಮದುವಣಗಿತ್ತಿಯಾಗುವ ಬೆಕ್ಕಿಗೆ ಬೇರೆ ಹೆಸರು ಒಪ್ಪುವುದಿಲ್ಲ ಎಂದು ಬೀ ಬತೂಲಿ ತೀರ್ಮಾನಿಸಿದ್ದಳು.

ಆ ಬೀ ಬತೂಲಿ ಈಗ ಪಕ್ಕದ ಕೋಣೆಯಲ್ಲಿ ಹಲಗೆಯ ಮೇಲಿದ್ದಳು. ಬೆಳಗಿನ ಬಾಂಗಿಗೆ ಸ್ವಲ್ಪ ಮುಂಚೆ ಉಸಿರು ನಿಂತಿತ್ತು. ಬಿಸಿಲು ಗಲ್ಲಿಗೆ ಇಳಿಯುವಷ್ಟರಲ್ಲಿ ಮಸೀದಿಯ ಧ್ವನಿವರ್ಧಕ ಲಾಮು ದ್ವೀಪದ ಪಟ್ಟಣಕ್ಕೆಲ್ಲ ಸುದ್ದಿ ಹೇಳಿ ಮುಗಿಸಿತ್ತು. ಮಧ್ಯಾಹ್ನದ ನಮಾಜಿನ ಹಿಂದೆಯೇ ಮಣ್ಣು. ಗಂಡಸರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು, ಹೆಂಗಸರು ಒಳಗೆ ತುಂಬಿದ್ದರು. ಮೈ ತೊಳೆದು ಕರ್ಪೂರ ಹಾಕಿ ಆಗಿತ್ತು. ಹೆಣಕ್ಕೆ ಸುತ್ತುವ ಕಫನ್ ಒಂದು ಬರಬೇಕಿತ್ತು.

ಆ ಕಫನ್ನು ಸಾಮಾನ್ಯದ್ದಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಬತೂಲಿ ಮೆಕ್ಕಾಕ್ಕೆ ಹೋದಾಗ ಜಮ್‌ಜಮ್ ಬಾವಿಯ ಪವಿತ್ರ ನೀರಿನಲ್ಲಿ ಅದ್ದಿ, ಅಲ್ಲಿಯ ಬಿಸಿಲಲ್ಲೇ ಒಣಗಿಸಿ, ಮಡಿಸಿ ತಂದದ್ದು. "ನನ್ನನ್ನ ಅದರಲ್ಲೇ ಸುತ್ತಬೇಕು ಕಣೇ. ಅಂಗಡಿ ಬಟ್ಟೆ ಹಾಕಿದರೆ ಎದ್ದು ಕೂರ್ತೀನಿ," ಎಂದು ಸೊಸೆಯ ಕೈಯಲ್ಲಿ ಮೂರು ಸಲ ಮಾತು ತೆಗೆದುಕೊಂಡಿದ್ದಳು. ಸೋಮೊಯೆ ಅವಳ ತಮ್ಮನ ಮಗಳು. ಮಗಳೆಂದರೂ ಅವಳೇ, ಮಗನೆಂದರೂ ಅವಳೇ.

"ಕತ್ತು ಹಿಡಿದು ಎತ್ತಿ ಹೊರಗೆ ಹಾಕು ಅದನ್ನ," ಎಂದಳು ಬೀ ಜೈತೂನಿ. ಸತ್ತವಳ ನಾದಿನಿ. ಬೆಕ್ಕು ಕಂಡರೆ ಸೀನುತ್ತಾಳೆ, ಮನುಷ್ಯರನ್ನು ಕಂಡರೆ ಬೈಯುತ್ತಾಳೆ. "ಸತ್ತೋರು ಮುಖ್ಯನೋ, ಬೆಕ್ಕು ಮುಖ್ಯನೋ?"

ಲಾಮುವಿನಲ್ಲಿ ಈ ಪ್ರಶ್ನೆಗೆ ಯಾರೂ ತಟಕ್ಕನೆ ಉತ್ತರ ಕೊಡುವುದಿಲ್ಲ.

*

ಬೀ ಬತೂಲಿ ನಲವತ್ತು ವರ್ಷ ಮನೆ ಬಾಗಿಲಲ್ಲಿ ಮಹಮ್ರಿ ಕರಿದು ಮಾರಿದವಳು. ಏಲಕ್ಕಿ, ತೆಂಗಿನಹಾಲು ಹಾಕಿ ನಾದಿದ ಹಿಟ್ಟು ಎಣ್ಣೆಗೆ ಬಿದ್ದು ಉಬ್ಬುವ ಹೊತ್ತಿಗೆ ಗಲ್ಲಿಯ ತುಂಬ ಜನ. ಕಟ್ಟಿಸಿಕೊಂಡ ಮೇಲೂ ಹೋಗದೆ ಯಾರಾದರೂ ನಿಂತರೆ ಅದು ಬೆಕ್ಕಿನ ವಿಷಯವೆಂದು ಅವಳಿಗೆ ಗೊತ್ತಾಗುತ್ತಿತ್ತು.

ದರ್ಜಿ ಕುಪಿ ಒಂದು ಬೆಳಿಗ್ಗೆ ಹಾಗೆ ನಿಂತಿದ್ದ.

"ಬೀ ಬತೂಲಿ, ನಮ್ಮ ಬೆಕ್ಕಿಗೆ ಶೈತಾನ ಹಿಡಿದಿದೆ. ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತೆ."

"ಯಾವ ಕಡೆ?"

"ಅಂದ್ರೆ?"

"ನೀನು ಮಲಗೋ ಕಡೆನೋ, ಹೊಸ ಹೆಂಡ್ತಿ ಮಲಗೋ ಕಡೆನೋ?"

ಸಾಲಿನಲ್ಲಿದ್ದವರು ನಕ್ಕರು. ಕುಪಿ ಕೈಯಲ್ಲಿದ್ದ ಪೊಟ್ಟಣ ನೋಡಿಕೊಂಡು, "ಅವಳ ಕಡೆ," ಎಂದ.

"ಶೈತಾನ ಅಲ್ಲ ಕಣಪ್ಪ. ಮನೆ ವಾಸನೆ ಬದಲಾಗಿದೆ. ಅದಕ್ಕೆ ತನ್ನ ಮನೆ ತನಗೇ ಗುರುತು ಸಿಗ್ತಿಲ್ಲ. ಅವಳು ಉಟ್ಟುಬಿಟ್ಟ ಬಟ್ಟೆ ಒಂದನ್ನ ಬೆಕ್ಕಿನ ತಟ್ಟೆ ಕೆಳಗೆ ಹಾಸು. ಮೀನು ಅವಳ ಕೈಯಿಂದಲೇ ಬೀಳಲಿ. ಮುದ್ದು ಮಾಡೋಕೆ ಹೋಗೋದು ಬೇಡ. ಅದೇ ಬರುತ್ತೆ."

"ಎಷ್ಟು ದಿನ ಹಿಡಿಯುತ್ತೆ?"

"ನಿನ್ನ ಹೆಂಡ್ತಿ ನಿನಗೆ ಒಗ್ಗೋಕೆ ಎಷ್ಟು ದಿನ ಹಿಡೀತು?"

"ಇನ್ನೂ ಒಗ್ಗಿಲ್ಲ."

"ಬಿಡು, ಬೆಕ್ಕು ಬೇಗ ಒಗ್ಗುತ್ತೆ."

ಹದಿನೈದು ದಿನಕ್ಕೆ ಒಗ್ಗಿತು. ಹೆಂಡತಿ ಒಗ್ಗಿದಳೋ ಇಲ್ಲವೋ, ಕುಪಿ ಹೇಳಲಿಲ್ಲ.

ದಿಂಬಿನ ಮೇಲೆ ಸತ್ತ ಇಲಿ ತಂದಿಟ್ಟರೆ ಬೈಯಬೇಡಿ, ನಿಮ್ಮ ಮನೆ ಬೇಟೆ ಅದಕ್ಕೆ ಸಾಲದು ಅನಿಸಿದೆ ಎನ್ನುತ್ತಿದ್ದಳು. ಬೆಕ್ಕು ಹಗೆ ಸಾಧಿಸುತ್ತದೆ ಎಂದವರಿಗೆ, "ಹಗೆಗೆ ಪುರುಸೊತ್ತು ಬೇಕು. ಅದು ದಿನಕ್ಕೆ ಮುಕ್ಕಾಲು ಪಾಲು ಮಲಗಿರುತ್ತೆ," ಎನ್ನುತ್ತಿದ್ದಳು. ಸೋಮೊಯೆ ಇದನ್ನೆಲ್ಲ ಹಿಟ್ಟು ಲಟ್ಟಿಸುತ್ತ ಕೇಳಿದ್ದಳು, ನಕ್ಕಿದ್ದಳು. ಕಲಿಯಬೇಕೆಂದು ಅನಿಸಿರಲಿಲ್ಲ. ಅತ್ತೆ ಇದ್ದಳಲ್ಲ.

*

"ಬಟ್ಟೆ ಎಲ್ಲ ರಕ್ತ ಆಗಿರುತ್ತೆ. ಮೈಲಿಗೆ," ಬೀ ಜೈತೂನಿ ಸಂದೂಕದೊಳಗೆ ಬಗ್ಗಿದಳು. ಬೀ ಹರುಸಿ ಇನ್ನೊಮ್ಮೆ ಎಣ್ಣೆಗೆ ನೀರು ಹಾಕಿದಳು. ಜೈತೂನಿ ಮುಖ ಹಿಂದೆ ತೆಗೆದಳು. "ಇದೇನೇ, ಕೆಂಪು ಲೆಸೊ?"

ಬೆಕ್ಕಿನ ಕೆಳಗಿದ್ದದ್ದು ಕಫನ್ ಅಲ್ಲ; ಬತೂಲಿ ಮೈಗೆ ಸುತ್ತಿಕೊಳ್ಳುತ್ತಿದ್ದ ಹಳೆಯ ಲೆಸೊ. ಅಂಚಿನಲ್ಲಿ, ಎಲ್ಲ ಲೆಸೊಗಳಲ್ಲಿರುವಂತೆ, ಒಂದು ಮಾತು ಅಚ್ಚಾಗಿತ್ತು: ನಿನ್ನ ಕಣ್ಣು ನಿನ್ನ ಮನೆಯ ಮೇಲಿರಲಿ. ಅದರ ಕೆಳಗೆ ನಾಲ್ಕು ಮಡಿಕೆ ಚಾಪೆ. ಚಾಪೆಯ ಕೆಳಗೆ, ಹುರಿಯಿಂದ ಕಟ್ಟಿದ ಮೇಣಬಟ್ಟೆಯ ಗಂಟಿನ ಒಂದು ಮೂಲೆ ಕಾಣುತ್ತಿತ್ತು.

ಸೋಮೊಯೆ ನೆಲಕ್ಕೆ ಕೂತುಬಿಟ್ಟಳು.

ಎಂಟು ದಿನದ ಹಿಂದೆ, ಏಳಲಾಗದೆ ಮಲಗಿದ್ದ ಅತ್ತೆ ಕರೆದು ಹೇಳಿದ್ದಳು: ಸಂದೂಕದ ಮುಚ್ಚಳ ತೆಗೆದಿಡು. ಕಫನ್ನಿನ ಗಂಟು ತಳಕ್ಕೆ ಹಾಕು. ಮೇಲೆ ಚಾಪೆ, ಅದರ ಮೇಲೆ ನನ್ನ ಕೆಂಪು ಲೆಸೊ. ಒಗೀಬೇಡ, ಹಾಗೇ ಹಾಸು. ಆ ಮೂಲೆಗೆ ಯಾರನ್ನೂ ಬಿಡಬೇಡ. ಸಾವು ಹತ್ತಿರ ಬಂದವರು ತಮ್ಮ ಬಟ್ಟೆ ತಾವೇ ಸರಿಮಾಡಿಸಿಕೊಳ್ಳುತ್ತಾರೆ ಎಂದುಕೊಂಡು ಸೋಮೊಯೆ ಹೇಳಿದಂತೆ ಮಾಡಿ, ಅಡುಗೆಮನೆಗೆ ಹೋಗಿ ಅತ್ತಿದ್ದಳು. ಬೀ ಹರುಸಿ ಅದೇ ವಾರ ಕಪಾಟು, ಬುಟ್ಟಿ, ಬೀರುವಿನ ಹಿಂಭಾಗ ಎಲ್ಲ ಕೆರೆದು ನೋಡಿ ಸಂದೂಕದ ಸುತ್ತ ಸುಳಿಯುತ್ತಿದ್ದದ್ದು ಅವಳ ಕಣ್ಣಿಗೂ ಬಿದ್ದಿತ್ತು. ಬಿದ್ದಿತ್ತು, ಅಷ್ಟೇ. ಅತ್ತೆ ಮಲಗಿದಲ್ಲಿಂದ ಅದನ್ನೇ ನೋಡುತ್ತಿದ್ದಳು.

ಸೋಮೊಯೆ ಇದನ್ನೆಲ್ಲ ಹೇಳಿದಳು. ಬೀ ಜೈತೂನಿ ಬೈಯದೆ ಕೇಳಿದಳು. ಅದು ಅಪರೂಪ.

"ನಾವೆಲ್ಲ ಇವಳು ಸಾಯೋಕೆ ತಯಾರಾಗ್ತಿದಾಳೆ ಅಂದ್ಕೊಂಡ್ವಿ," ಎಂದಳು ಕೊನೆಗೆ. "ಇವಳು ಬಾಣಂತಿ ಕೋಣೆ ಮಾಡ್ತಿದ್ಲು."

ಮೈ ತೊಳೆಯುವ ಬೀ ಅಮ್ರಿಯಾ ಪಕ್ಕದ ಕೋಣೆಯಿಂದ ಬಂದು ನಿಂತಳು. ಅರ್ಧ ಊರನ್ನು ಕೊನೆಯ ಸಲ ತೊಳೆದ ಕೈ ಅವಳದು, ಯಾವುದಕ್ಕೂ ಗಾಬರಿಯಾಗುವುದಿಲ್ಲ. "ಏನು ಮಾಡ್ತೀರೋ ಅದನ್ನ ಬೇಗ ಮಾಡಿ. ಬತೂಲಿಗೆ ಅವಸರ ಇಲ್ಲ. ಇಮಾಮರಿಗಿದೆ."

"ಈಗ ಎತ್ತಿದರೆ ಮರಿಗಳನ್ನ ಬಿಟ್ಟು ಓಡುತ್ತೆ," ಎಂದಳು ಸೋಮೊಯೆ. ಮಾತು ಬಾಯಿಂದ ಬಿದ್ದ ಮೇಲೆ ಅದು ತನ್ನದಲ್ಲ, ಅತ್ತೆಯದು ಎಂದು ಗೊತ್ತಾಯಿತು. "ಇಲ್ಲಾ ಬಾಯಲ್ಲಿ ಕಚ್ಚಿಕೊಂಡು ಹೋಗಿ ಯಾವುದಾದರೂ ಸೂರಿನಲ್ಲಿ ಇಡುತ್ತೆ. ನನ್ನ ಕೈ ಬೇರೆ ಕರ್ಪೂರ ನಾರ್ತಿದೆ."

"ಹಂಗಾದ್ರೆ ಅಂಗಡಿಯಿಂದ ಬಟ್ಟೆ ತರಿಸು," ಎಂದಳು ಬೀ ಜೈತೂನಿ.

"ಮಾತು ಕೊಟ್ಟಿದೀನಿ."

"ಬೆಕ್ಕಿಗೂ ಕೊಟ್ಟಿದೀಯಾ?"

ಸೋಮೊಯೆ ಎದ್ದಳು. ಅಡುಗೆಮನೆಗೆ ಹೋಗಿ ಒಲೆಯ ಬೂದಿಯಿಂದ ಮೊಣಕೈವರೆಗೆ ಉಜ್ಜಿ ತೊಳೆದಳು. ಮಹಮ್ರಿ ಹಾಕುವ ಗರಿಯ ಬುಟ್ಟಿ ತಂದಳು. ಅತ್ತೆಯ ದಿಂಬಿಗೆ ಸುತ್ತಿದ್ದ ಲೆಸೊ ಬಿಚ್ಚಿ, ಅದಕ್ಕೇ ಕೈ ಉಜ್ಜಿಕೊಂಡು, ಅದನ್ನು ಬುಟ್ಟಿಯಲ್ಲಿ ಹಾಸಿ, ಅತ್ತೆಯ ಹಗ್ಗದ ಮಂಚದ ಕೆಳಗೆ, ಗೋಡೆಯ ಮೂಲೆಯ ಕತ್ತಲೆಗೆ ತಳ್ಳಿದಳು.

"ಈಗ?" ಎಂದಳು ಜೈತೂನಿ.

"ಈಗ ಎಲ್ಲರೂ ಆ ಕಡೆ ತಿರುಗಿ. ಯಾರೂ ನೋಡಬಾರದು. ಮಾತೂ ಬೇಡ."

"ನಾನಾ? ಬೆಕ್ಕಿಗೆ ಬೆನ್ನು ತಿರುಗಿಸಬೇಕಾ?"

"ನಿನ್ನ ಕಣ್ಣು ನಿನ್ನ ಮನೆ ಮೇಲಿರಲಿ ಅಂತ ಬರೆದಿದೆಯಲ್ಲ ಅಲ್ಲಿ," ಎಂದಳು ಬೀ ಅಮ್ರಿಯಾ, ಎಲ್ಲರಿಗಿಂತ ಮೊದಲು ತಿರುಗುತ್ತ.

ಇಪ್ಪತ್ತು ಹೆಂಗಸರು ಗೋಡೆಗೆ ಮುಖ ಮಾಡಿ ಕೂತರು. ಅಳು ಕೂಡ ನಿಂತಿತು.

*

ಸೋಮೊಯೆಗೆ ಒಂಬತ್ತು ವರ್ಷವಾಗಿದ್ದಾಗ ಅವಳ ತಾಯಿ ತೀರಿಕೊಂಡಳು. ಸರಕಿನ ದೋಣಿಯಲ್ಲಿ ದುಡಿಯುತ್ತಿದ್ದ ಅಪ್ಪ ಒಂದು ಸಂಜೆ ಅವಳನ್ನು ಈ ಮನೆಯ ಬಾಗಿಲಲ್ಲಿ ಬಿಟ್ಟು ಹೋದ. ಅವಳು ಒಳಗೆ ಬಂದವಳೇ ಇದೇ ಮಂಚದ ಕೆಳಗೆ ಹೊಕ್ಕಳು.

ನೆರೆಯವರು ಬಗ್ಗಿ ಬಗ್ಗಿ ನೋಡಿದರು. ಬಾ ಮಗಳೇ ಎಂದರು. ಸಕ್ಕರೆ ತೋರಿಸಿದರು. ಒಬ್ಬಳು ಕಾಲು ಹಿಡಿದು ಎಳೆದೇ ಎಳೆದಳು. ಅತ್ತೆ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು. ಅವಳು ಮಾತ್ರ ಮಂಚದ ಕೆಳಗೆ ನೋಡಲೇ ಇಲ್ಲ. ಒಂದು ತಟ್ಟೆಯಲ್ಲಿ ಮಹಮ್ರಿ, ಒಂದಿಷ್ಟು ಅವರೆ ಗೊಜ್ಜು ಮಂಚದ ಅಂಚಿಗೆ ಇಟ್ಟು, ಬೆನ್ನು ಮಾಡಿ ಕೂತು, ಹಿಟ್ಟು ನಾದುತ್ತ ಏನೋ ಗುನುಗತೊಡಗಿದಳು. ಎರಡನೆಯ ದಿನ ತಟ್ಟೆ ಒಂದು ಗೇಣು ದೂರ. ಮೂರನೆಯ ದಿನ ಎರಡು ಗೇಣು. ಐದನೆಯ ದಿನ ಸೋಮೊಯೆ ತಟ್ಟೆ ಹುಡುಕಿಕೊಂಡು ಬಂದು ಅವಳ ಬೆನ್ನಿಗೆ ಒರಗಿ ಕೂತಳು. ಅತ್ತೆ ಆಗಲೂ ತಿರುಗಲಿಲ್ಲ. "ಹಿಟ್ಟಿಗೆ ಉಪ್ಪು ಸಾಕಾ ನೋಡು," ಎಂದಳು, ಅಷ್ಟೇ.

ಮೂವತ್ತು ವರ್ಷ ಸೋಮೊಯೆ ಅದನ್ನು ಅತ್ತೆಯ ಅಸಡ್ಡೆ ಎಂದು ಎಲ್ಲರ ಮುಂದೆ ಹೇಳಿ ನಗಿಸಿದ್ದಳು. ಬಂದ ಮಗುವಿನ ಮುಖ ನೋಡಲು ಐದು ದಿನ ತೆಗೆದುಕೊಂಡಳು ನಮ್ಮತ್ತೆ ಎನ್ನುತ್ತಿದ್ದಳು. ಅತ್ತೆಯೂ ನಗುತ್ತಿದ್ದಳು. ಒಮ್ಮೆಯೂ ತಿದ್ದಿರಲಿಲ್ಲ.

*

ಸೋಮೊಯೆ ಗೋಡೆಗೆ ಮುಖ ಮಾಡಿಯೇ ಕೂತಿದ್ದಳು. ಆಗ ಹಿಂದೆ ಮೆತ್ತಗೆ ದೊಪ್ಪೆಂದಿತು. ಉಗುರುಗಳು ಗಾರೆಯ ಮೇಲೆ ನಡೆದವು. ಮಂಚದ ಕೆಳಗೆ ಬುಟ್ಟಿ ಕಿರುಗುಟ್ಟಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

"ವಾಸನೆ ನೋಡ್ತಿದೆ," ಎಂದು ಬೀ ಅಮ್ರಿಯಾ ಪಿಸುಗುಟ್ಟಿದಳು.

ಮತ್ತೆ ದೊಪ್ಪೆಂದಿತು, ಈ ಸಲ ಅದರ ಜೊತೆ ಸಣ್ಣದೊಂದು ಕೀಚಲು ದನಿ. ಉಗುರು, ಗಾರೆ, ಬುಟ್ಟಿ. ಒಂದು.

ಹೊರಗಿನಿಂದ ಸೋಮೊಯೆಯ ಗಂಡ ಅಥ್ಮಾನಿ ಕದ ತಟ್ಟಿದ. ಬೀ ಜೈತೂನಿ ಗೋಡೆಯ ಉದ್ದಕ್ಕೂ ಏಡಿಯ ಹಾಗೆ ಸರಿದು, ಬೆಕ್ಕಿನ ಕಡೆ ನೋಡದೆ, ಕದ ಬೆರಳಷ್ಟು ತೆರೆದಳು.

"ಬಾಂಗಿಗೆ ಹೊತ್ತಾಯ್ತು. ಡೋಲಿ ತಂದಿದೀವಿ. ಇಮಾಮರು ಕೇಳ್ತಿದಾರೆ, ಇನ್ನೇನು ಬಾಕಿ ಅಂತ."

"ಎರಡು," ಎಂದಳು ಜೈತೂನಿ.

"ಎರಡು ಏನು?"

"ಮರಿ."

ಕದ ಮುಚ್ಚಿತು. ಹೊರಗೆ ಅಥ್ಮಾನಿ ಕಟ್ಟೆಯವರಿಗೆ ಏನೋ ಹೇಳಿದ್ದು, ಯಾರೋ ಗೊಣಗಿದ್ದು, ಆಮೇಲೆ ಮುದುಕ ಇಮಾಮ್ ಲಾಲಿಯ ದನಿ ಒಳಗಿನವರಿಗೂ ಕೇಳಿಸಿತು: "ತೋಳಿನ ಮೇಲೆ ಬೆಕ್ಕು ಮಲಗಿತ್ತು ಅಂತ ನಬಿಯವರು ಅಂಗಿ ತೋಳನ್ನೇ ಕತ್ತರಿಸಿ ಎದ್ದರು ಅಂತ ನಮ್ಮಜ್ಜಿ ಹೇಳೋಳು. ನಮಗೇನು, ಕೂತಿರೋದು ತಾನೇ?"

"ನನ್ನ ಬೆಕ್ಕು ಆಗಿದ್ರೆ ಇಷ್ಟು ಹೊತ್ತಿಗೆ ನನ್ನ ಹೆಂಡ್ತಿ ಹೇಳಿದ್ದು ಕೇಳ್ತಿತ್ತು," ಎಂದ ದರ್ಜಿ ಕುಪಿ. "ಬೀ ಬತೂಲಿ ಹೇಳಿಕೊಟ್ಟದ್ದು. ದೇವರು ಅವಳಿಗೆ ಒಳ್ಳೇದು ಮಾಡ್ಲಿ." ಆಮೀನ್ ಎಂದವರಲ್ಲಿ ಅನೇಕ ಬೆಕ್ಕುಗಳ ಮನೆಯವರಿದ್ದರು.

ಎರಡನೆಯ ಮರಿ ಬೇಗ ಬುಟ್ಟಿಗೆ ಹೋಯಿತು. ಮೂರನೆಯದಕ್ಕೆ ಬೀ ಹರುಸಿ ಬರಲೇ ಇಲ್ಲ. ಸಂದೂಕದಲ್ಲಿ ಒಂಟಿ ಮರಿ ಕೀಚ್ ಕೀಚ್ ಎನ್ನುತ್ತಿತ್ತು. ಸೋಮೊಯೆಯ ಕೈ ಎರಡು ಸಲ ಮೇಲೆದ್ದು ಎರಡು ಸಲವೂ ಮಡಿಲಿಗೆ ಬಿತ್ತು. ಈಗ ಮುಟ್ಟಿದರೆ ಇಷ್ಟು ಹೊತ್ತು ಕೂತದ್ದೆಲ್ಲ ನೀರುಪಾಲು.

ಬಾಂಗು ಶುರುವಾಯಿತು. ಒಂದು ಮಸೀದಿಯಿಂದ, ಆಮೇಲೆ ಇನ್ನೊಂದರಿಂದ. ಯಾರೂ ಅಲುಗಾಡಲಿಲ್ಲ. ಬಾಂಗು ಮುಗಿದು ಗಲ್ಲಿ ಸುಮ್ಮನಾದಾಗ ಕೇಳಿಸಿತು: ದೊಪ್, ಉಗುರು, ಗಾರೆ, ಬುಟ್ಟಿ.

"ಮೂರು," ಎಂದಳು ಬೀ ಜೈತೂನಿ. ಅವಳ ಕೆನ್ನೆ ಒದ್ದೆಯಾಗಿತ್ತು. "ಧೂಪದ ಹೊಗೆ," ಎಂದಳು, ಯಾರೂ ಕೇಳದೆಯೇ.

ಸೋಮೊಯೆ ಮೇಣಬಟ್ಟೆಯ ಗಂಟು ಬಿಚ್ಚಿದಳು. ಒಳಗಿನ ಬಿಳಿ ಬಟ್ಟೆ ನಿನ್ನೆ ಮಡಿಸಿಟ್ಟಂತೆ ಇತ್ತು. ಒಂದು ಕಲೆ ಇಲ್ಲ, ಒಂದು ಕೂದಲಿಲ್ಲ.

*

ಹೆಂಗಸರು ಬಾಗಿಲವರೆಗೆ ಬಂದು ನಿಂತರು. ಗಲ್ಲಿ ಎಷ್ಟು ಕಿರಿದೆಂದರೆ ಡೋಲಿ ಹೊತ್ತವರ ಭುಜ ಎರಡೂ ಗೋಡೆಗೆ ತಾಗುತ್ತಿತ್ತು. ಎದುರು ಬಂದ ಕತ್ತೆಯೊಂದನ್ನು ಅದರ ಯಜಮಾನ ಯಾರದೋ ಮನೆಯೊಳಗೆ ನೂಕಿ ದಾರಿ ಬಿಟ್ಟ.

ಸಂಜೆ ಅಥ್ಮಾನಿ ಗೋರಿಯ ಮಣ್ಣು ಕಾಲಲ್ಲಿ ಹೊತ್ತು ಬಂದ.

"ಚೆನ್ನಾಗಾಯ್ತು. ತುಂಬ ಜನ. ಮೀನಿನ ಕಟ್ಟೆ ಮುಂದೆಯೇ ಹೋದ್ವಿ. ಮೂವತ್ತು ಬೆಕ್ಕಿದ್ವೇನೋ. ಒಂದಾದ್ರೂ ತಲೆ ಎತ್ತಿ ನೋಡ್ಲಿಲ್ಲ."

"ಯಾಕೆ ನೋಡ್ತಾವೆ," ಎಂದಳು ಸೋಮೊಯೆ. "ಮೀನು ಇಳಿಸೋ ಹೊತ್ತು." ಅದು ಅತ್ತೆಗೆ ಇಷ್ಟವಾಗುತ್ತಿತ್ತು ಎಂದು ಇಬ್ಬರಿಗೂ ಅನಿಸಿತು. ಇಬ್ಬರೂ ಸ್ವಲ್ಪ ನಕ್ಕರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬೀ ಅಮ್ರಿಯಾ ತೆಂಗಿನಹಾಲಿನ ಅನ್ನ, ಮೀನು ತಂದಿಟ್ಟು ಹೋಗಿದ್ದಳು. ಬೀ ಜೈತೂನಿ ಕೆಳಗೆ ಬುಟ್ಟಿ ಇದ್ದ ಮಂಚದಲ್ಲಿ ಯಾರೂ ಕೂರದಂತೆ ಅದರ ಮೇಲೆ ತನ್ನ ಚೀಲ ಇಟ್ಟು, ನೆಲದ ಚಾಪೆಯ ಮೇಲೆ ಬೈಯುತ್ತಲೇ ನಿದ್ದೆ ಹೋಗಿದ್ದಳು.

ಸೋಮೊಯೆ ತನ್ನ ಪಾಲಿನ ಮೀನಿನಿಂದ ಮುಳ್ಳು ಬಿಡಿಸಿ, ಅತ್ತೆಯ ಚಪ್ಪಟೆ ತಟ್ಟೆಗೆ ಹಾಕಿದಳು. ತಟ್ಟೆಯನ್ನು ಮಂಚದ ಅಂಚಿಗೆ ಇಟ್ಟಳು. ಒಳಗೆ ಕತ್ತಲೆಯಲ್ಲಿ ಎರಡು ಹಸಿರು ಚುಕ್ಕೆ ಅವಳನ್ನೇ ನೋಡುತ್ತಿದ್ದವು. ಅವಳು ಮಂಚಕ್ಕೆ ಬೆನ್ನು ಮಾಡಿ ಕೂತಳು. ನಾದಲು ಹಿಟ್ಟಿರಲಿಲ್ಲ; ಖಾಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಮಾತು ಮರೆತುಹೋದ ಆ ಹಾಡನ್ನು ಗುನುಗತೊಡಗಿದಳು.

ಸ್ವಲ್ಪ ಹೊತ್ತಿನ ಮೇಲೆ ಹಿಂದೆ ತಟ್ಟೆ ಗಾರೆಯ ಮೇಲೆ ಒಂದು ಗೇಣು ಸರಿದ ಸದ್ದಾಯಿತು.

ಅವಳು ತಿರುಗಿ ನೋಡಲಿಲ್ಲ.